ಹಾವಸೆಯ ಹೊದಿಕೆ ಮತ್ತು ಅಲಾಸ್ಕ ಹೆದ್ದಾರಿ



ಮೇಲ್ಪದರದ ಅಡಿಯಲ್ಲಿ ಬೇಸಿಗೆಯಲ್ಲೂ ಹೆಪ್ಪುಗಟ್ಟಿಯೇ ಇರುವ ನೆಲಕ್ಕೆ ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಅದರ ಸ್ವಭಾವವನ್ನು ಅಮೆರಿಕದ ಸೈನ್ಯ ಅರಿತದ್ದು 1942ರಲ್ಲಿ, ಕೆಸರಿನಲ್ಲಿ ನಿಂತು. ಜಪಾನಿನ ದಾಳಿಯ ಭೀತಿಯಿಂದ ಕೆನಡದ ಡಾಸನ್ ಕ್ರೀಕಿನಿಂದ ಅಲಾಸ್ಕದವರೆಗೆ 2,400 ಕಿಲೋಮೀಟರಿಗೂ ಮಿಗಿಲಾದ ರಸ್ತೆಯನ್ನು ಅದೇ ವರ್ಷದ ಮಾರ್ಚಿಯಿಂದ ನವೆಂಬರಿನೊಳಗೆ ಕಡಿಯಲಾಯಿತು. ದುಡಿದ ಸೈನಿಕರು ಹತ್ತು ಸಾವಿರಕ್ಕೂ ಹೆಚ್ಚು. ಅವರಲ್ಲಿ ಸುಮಾರು ಮೂರನೆಯ ಒಂದು ಪಾಲು ಆಫ್ರಿಕನ್-ಅಮೆರಿಕನ್ನರು; ಅವರ ಶ್ರಮವನ್ನು ಬಹುಕಾಲ ಯಾರೂ ಸ್ಮರಿಸಲಿಲ್ಲವೆಂಬುದೂ ಚರಿತ್ರೆಯೇ.

ಗಟ್ಟಿನೆಲವನ್ನು ಅರಸಿ ಅವರು ಬುಲ್ಡೋಜರುಗಳಿಂದ ಹಾವಸೆಯನ್ನು ಹೆರೆದು ಹಾಕಿದರು. ಬಿಸಿಲು ತಾಗಿದ್ದೇ ತಡ, ನೆಲದೊಳಗಿನ ಮಂಜುಗಡ್ಡೆ ಕರಗಿ ಯಂತ್ರಗಳೇ ಹೂತುಹೋದವು. ಸುಟ್ಟಗಾಯದಲ್ಲಿ ಚರ್ಮ ಕಳೆದುಕೊಂಡ ರೋಗಿಯ ಸ್ಥಿತಿ ವೈದ್ಯನಾದ ನನಗೆ ನೆನಪಾಗುತ್ತದೆ. ಬಳಿಕ ಮರಗಳನ್ನು ಕೈಯಿಂದ ಕಡಿದು, ಹಾವಸೆಯನ್ನು ಕದಲಿಸದೆ ಅದರ ಮೇಲೆಯೇ ದಿಮ್ಮಿಗಳನ್ನೂ ಜಲ್ಲಿಯನ್ನೂ ಹಾಸಿದರು.

ನೆಲವನ್ನು ತಂಪಾಗಿಡುವ ಆ ಯತ್ನ ಇನ್ನೂ ಮುಗಿದಿಲ್ಲ. ಯೂಕಾನ್ ಪ್ರಾಂತದ ಬೀವರ್ ಕ್ರೀಕ್ ಬಳಿ 2008ರಲ್ಲಿ ಇದೇ ರಸ್ತೆಯ ತುಂಡೊಂದನ್ನು ಪ್ರಯೋಗಕ್ಕಾಗಿ ಕಟ್ಟಿದರು: ದಪ್ಪ ಕಲ್ಲುಗಳ ಸಂದಿಯಲ್ಲಿ ಚಳಿಗಾಳಿ ಆಡುವ ದಂಡೆ, ತೆಳುಬಣ್ಣದ ಮೇಲ್ಮೈ, ಇಳಿಜಾರಿನಿಂದ ಹಿಮವನ್ನು ಸರಿಸುವ ಏರ್ಪಾಡು. ಹಿಮವನ್ನು ಸರಿಸುವುದೇಕೆ? ಅದು ಕಂಬಳಿಯಂತೆ ಹೊದ್ದು, ಚಳಿಗಾಲದ ಚಳಿಯನ್ನು ನೆಲಕ್ಕೆ ತಾಗಗೊಡದು. ಈ ಉಪಾಯಗಳೆಲ್ಲ ದುಬಾರಿ. ಆದುದರಿಂದ ಹಲವೆಡೆ ಕುಸಿದ ಜಾಗಕ್ಕೆ ಮತ್ತೆ ಜಲ್ಲಿ ಸುರಿಯುವುದೇ ಇಂದಿಗೂ ರೂಢಿ.