ಮನೆವಾರ್ತೆಯವನ ವಹಿ

ಬೆಳೆ ಹಬ್ಬದ ಭಾನುವಾರ ಬೈಲಹೊಂಗಲ ಸೀಮೆಯ ಯಾವುದಾದರೂ ಕ್ರೈಸ್ತ ಸಭೆಯ ಅಂಗಳಕ್ಕೆ ಹೋದರೆ ಪ್ರಸಂಗಕ್ಕಿಂತ ಗಟ್ಟಿಯಾಗಿ ಕೇಳುವುದು ಸವಾಲಿನ ಕೂಗು. ಬೆಲ್ಲದ ಪೆಂಟಿ, ಜೋಳದ ತೆನೆ, ಕುಂಬಳಕಾಯಿ, ಕಾಲು ಕಟ್ಟಿದ ಹುಂಜ. ಲಿಂಬೆಹಣ್ಣೊಂದನ್ನು ಐವತ್ತು ರೂಪಾಯಿಗೆ ಹಿಡಿದವನು ಅದನ್ನೇ ತಿರುಗಿ ಮೇಜಿನ ಮೇಲಿಡುತ್ತಾನೆ. ಅದೇ ಹಣ್ಣು ಇನ್ನೊಬ್ಬನಿಗೆ ಅರವತ್ತಕ್ಕೆ ಹೋಗುತ್ತದೆ. ಪಕ್ಕದಲ್ಲಿ ಖಜಾಂಚಿ ನಗದು ಎಷ್ಟು, ಉದ್ರಿ ಎಷ್ಟು ಎಂದು ಬರೆದುಕೊಳ್ಳುತ್ತಿರುತ್ತಾನೆ.

ಇದೇ ಅಂಗಳದಲ್ಲಿ ಕೂತ ಹುಡುಗರ ಮೊಬೈಲಿನಲ್ಲಿ ಈಗ ಬೇರೊಂದು ಬೋಧನೆ ಓಡುತ್ತಿದೆ: ಸಾವಿರದ ‘ಬೀಜ ಕಾಣಿಕೆ’ ಹಾಕಿ, ಲಕ್ಷದ ಫಸಲು ತೆಗೆಯಿರಿ. ಅಮೆರಿಕದ ಬೋಧಕ ಓರಲ್ ರಾಬರ್ಟ್ಸ್ 1970ರ ಸುಮಾರಿಗೆ ಹಬ್ಬಿಸಿದ ಸರಕು ಇದು. ಇಲ್ಲಿಗೆ ತಡವಾಗಿ ಬಂದರೂ ಹೊಸದರಂತೆ ಮಾರಾಟವಾಗುತ್ತಿದೆ. ಕನ್ನಡ ಕ್ರೈಸ್ತರು ಹಣದ ವಿಚಾರಕ್ಕೆ ಇದೇ ಮೊದಲ ಸಲ ಕೈ ಹಾಕಿದ್ದಾರೆ ಎಂಬ ಧಾಟಿಯಲ್ಲಿ ಮಾತಾಡುವವರಿಗೆ ಹಿಂದಿನ ಇನ್ನೂರು ವರ್ಷದ ವಹಿ ತೆರೆದು ತೋರಿಸಬೇಕಾಗಿದೆ.

ಮೊದಲ ಪುಟಗಳು ಭಾಷಾಂತರದವು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ‘ನಂಬಿಗಸ್ತ’, ‘ತಲಾಂತು’, ‘ಮನೆವಾರ್ತೆ’ ಮುಂತಾದ ಮಾತುಗಳು ಸಭೆಗಳ ಬಾಯಲ್ಲಿ ಬೇರೂರಿದವು. ಇವುಗಳಲ್ಲಿ ‘ಮನೆವಾರ್ತೆ’ಗೆ ಸಮನಾದುದಿಲ್ಲ. ಮನೆ ತನ್ನದಲ್ಲ, ಕೀಲಿಕೈ ಮಾತ್ರ ತನ್ನದು ಎಂಬ ಅರ್ಥ ಆ ಒಂದು ಪದದಲ್ಲೇ ಇದೆ. ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದರು. ನಾಲ್ಕೇ ವರ್ಷಕ್ಕೆ ಕಿತ್ತೂರಿನ ಖಜಾನೆಗೆ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಮೊಹರು ಹಾಕಿಸಿದ. ಆ ಖಜಾನೆಯ ಕೀಲಿಕೈ ಯಾರದು ಎಂಬ ಪ್ರಶ್ನೆಗೆ ರಾಣಿ ಚೆನ್ನಮ್ಮನ ಜನ 1824ರ ಅಕ್ಟೋಬರ್ 23ರಂದು ಉತ್ತರ ಕೊಟ್ಟರು. 

ಬಾಸೆಲ್ ಮಿಶನ್ನಿನವರು ಪ್ರಸಂಗ ಮಾಡುವುದರ ಜೊತೆಗೆ ಕಾರ್ಖಾನೆಯನ್ನೂ ಕಟ್ಟಿದರು. ಗದಗಿನ ಬಳಿ ಮಲಸಮುದ್ರದಲ್ಲಿ 1840ರ ದಶಕದಲ್ಲಿ ಕ್ರೈಸ್ತ ರೈತರ ವಸಾಹತು ಕಟ್ಟಲು ಹೋಗಿ ಸೋತರು. ಮಂಗಳೂರಿನಲ್ಲಿ ನೇಯ್ಗೆ, 1865ರಲ್ಲಿ ಜೆಪ್ಪುವಿನ ಹೆಂಚು ಕಾರ್ಖಾನೆ, 1859ರಷ್ಟು ಮೊದಲೇ ವ್ಯಾಪಾರಕ್ಕೊಂದು ಪ್ರತ್ಯೇಕ ಕಂಪನಿ. ಜಾತಿ ಬಿಟ್ಟವನಿಗೆ ಕಸುಬೂ ಹೋಗುತ್ತಿದ್ದ ಕಾಲದಲ್ಲಿ ಇದು ಬೇಕಾಗಿತ್ತು. ಆದರೆ ನಂಬಿದವನು ಕೂಲಿಯಾದ, ಸಭಾಪಾಲಕನ ಬೆನ್ನಿಗೆ ಧಣಿ ನಿಂತ. ಆ ಕಾಲದ ಬೋಧನೆಯಲ್ಲಿ ಸಮಯಪಾಲನೆ, ಮಿತವ್ಯಯ, ಹೆಂಡ ಬಿಡುವುದು ಧಾರಾಳವಾಗಿ ಸಿಗುತ್ತವೆ. ಧಣಿಯ ಲೆಕ್ಕ ಕೇಳುವ ಸಾಮತಿ, ಅಂದರೆ ದೃಷ್ಟಾಂತದ ಕತೆ, ಅಷ್ಟಾಗಿ ಸಿಗುವುದಿಲ್ಲ.

ಬೆಳಗಾವಿ ಭಾಗ 1904ರಲ್ಲಿ ಲಂಡನ್ ಮಿಶನ್ನಿನಿಂದ ಅಮೆರಿಕದ ಮೆಥೊಡಿಸ್ಟರ ಕೈಗೆ ಬಂತು. ಅವರ ಮೂಲಪುರುಷ ಜಾನ್ ವೆಸ್ಲಿ ‘ಹಣದ ಬಳಕೆ’ ಎಂಬ ಪ್ರಸಂಗಕ್ಕೆ ಮನೆವಾರ್ತೆಯವನ ಕತೆಯಿರುವ ಲೂಕನ ಸುವಾರ್ತೆಯ 16ನೆಯ ಅಧ್ಯಾಯವನ್ನೇ ಆರಿಸಿಕೊಂಡಿದ್ದ. ಸಾಧ್ಯವಾದಷ್ಟು ಗಳಿಸು, ಉಳಿಸು, ಕೊಡು ಎನ್ನುವುದು ಅದರ ಸಾರ. ಗಳಿಕೆಗೆ ಅವನು ಹಾಕಿದ ಬೇಲಿಯನ್ನು ಯಾರೂ ನೆನೆಯುವುದಿಲ್ಲ: ನೆರೆಯವನ ಹೊಲ, ಮನೆ ನುಂಗುವ ಬಡ್ಡಿ ಸಲ್ಲದು, ಹೆಂಡದ ವ್ಯಾಪಾರ ಸಲ್ಲದು. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿದ ವೆಸ್ಲಿ, 120 ಬಂದಾಗಲೂ 28ರಲ್ಲೇ ಬದುಕಿ ಮಿಕ್ಕಿದ್ದನ್ನು ಹಂಚಿದ. ನಮ್ಮಲ್ಲಿ ಮೊದಲಿನ ಎರಡು ಮಾತು ಪೀಠದಿಂದ ಚೆನ್ನಾಗಿ ಕೇಳಿಸಿದವು.

ಹಣದ ಕುರಿತ ಈ ಚಿಂತನೆಗೆ ನಿಜವಾಗಿ ಕನ್ನಡದ ಮೈ ಬಂದದ್ದು ರೆವರೆಂಡ್ ಉತ್ತಂಗಿ ಚೆನ್ನಪ್ಪನವರಿಂದ (1881–1962). ಧಾರವಾಡದಲ್ಲಿ ಹುಟ್ಟಿದ ಈ ಪಾದ್ರಿ ಊರೂರು ಅಲೆದು, ಓಲೆಗರಿ ಕೂಡಿಸಿ, 1924ರಲ್ಲಿ ಸರ್ವಜ್ಞನ ವಚನಗಳನ್ನು ಅಚ್ಚು ಹಾಕಿಸಿದರು. ಪಾದ್ರಿಗೆ ಸರ್ವಜ್ಞನೇಕೆ ಎಂದು ಮೂಗು ಮುರಿದವರಿಗೆ ಸೊಲೊಮೋನನ ಜ್ಞಾನೋಕ್ತಿಗಳನ್ನು ತೋರಿಸಿದರೆ ಸಾಕು. ಸಾಲ, ಜಾಮೀನು, ಲೋಭಿ, ದುಂದುಗಾರ, ಅನ್ನದಾನ ಇವೇ ಎರಡೂ ಕಡೆಯ ಸಾಮಗ್ರಿ. ಲೋಕದ ಜಾಣತನ ದೇವರಿಗೆ ಹೊರಗಿನದಲ್ಲ ಎಂಬುದನ್ನು ಉತ್ತಂಗಿಯವರು ಪ್ರಸಂಗ ಮಾಡಿ ಹೇಳಲಿಲ್ಲ, ಸಂಪಾದನೆ ಮಾಡಿ ತೋರಿಸಿದರು. ಮುಂದೆ ಸಿದ್ಧರಾಮನ ಸಾಹಿತ್ಯಕ್ಕೆ ಕೈ ಹಾಕಿದರು. ರಾಜ್ಯ ಬಿಟ್ಟುಬಂದು ಕಟ್ಟಿಗೆ ಮಾರಿದ ಮೋಳಿಗೆ ಮಾರಯ್ಯನ ವಚನಗಳನ್ನೂ ಸಂಪಾದಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಇವರನ್ನು ‘ತಿರುಳ್ಗನ್ನಡದ ತಿರುಕ’ ಎಂದು ನಾಡು ಕರೆದದ್ದು ಬರೀ ಅಲಂಕಾರವಲ್ಲ; ಅವರ ಕೈಯಲ್ಲಿ ಹಣ ನಿಂತದ್ದೇ ಕಡಿಮೆ.

ಅವರು ಹಾಕಿಕೊಟ್ಟ ದಾರಿಯಲ್ಲಿ ಮುಂದಿನ ತಲೆಮಾರು ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನನ್ನು ಓದಿತು. ಗಂಡ ಆ ಹೊತ್ತಿಗೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ತಿರುಗಿ ಸುರಿದು ಬಾ ಎಂದು ಕಳಿಸಿದ ಹೆಂಗಸು ಅವಳು. ಅರಣ್ಯದ ಮನ್ನಾ ಕತೆಯೂ ಅದೇ: ನಾಳೆಗೆಂದು ಕೂಡಿಟ್ಟದ್ದು ಹುಳ ಹಿಡಿಯಿತು. ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಕಾವಿ ತೊಟ್ಟು, ಮಾಂಸ ಬಿಟ್ಟು, ವಿರಕ್ತರಂತೆ ನೆಲೆಸಿದ ಜೆಸುಯಿಟ್ ಸ್ವಾಮಿಗಳಿಂದ ಕಾಯಕ, ದಾಸೋಹ ಎಂಬ ಶರಣರ ಮಾತುಗಳು ಕಥೋಲಿಕರ ಆವರಣಕ್ಕೂ ಬಂದವು. ಇದನ್ನು ವೇಷ ಎಂದು ಹಳಿದವರು ಎರಡೂ ಕಡೆ ಇದ್ದಾರೆ. ಹಣದ ಮಟ್ಟಿಗೆ ಹೇಳುವುದಾದರೆ, ದಶಮಾಂಶಕ್ಕಿಂತ ದಾಸೋಹ ದೊಡ್ಡದು: ಒಂದರಲ್ಲಿ ಹತ್ತನೆಯ ಪಾಲು ದೇವರದು, ಇನ್ನೊಂದರಲ್ಲಿ ಹತ್ತೂ ಪಾಲು.

ಇಷ್ಟಾದರೂ ವಹಿಯಲ್ಲಿ ಖಾಲಿ ಪುಟಗಳಿವೆ. ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನ ನೀರು ಬಂದ ಮೇಲೆ ಈ ಸೀಮೆಯ ಸಂಪತ್ತಿನ ಸ್ವರೂಪವೇ ಬದಲಾಯಿತು. ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಪೊಲೀಸರ ಗುಂಡಿಗೆ ಬಲಿಯಾದರು. ನೆಲ, ನೀರು, ಬಾಕಿ, ವಸೂಲಿ ಇವೆಲ್ಲ ಸಾಮತಿಗಳ ಹಳೆಯ ವಿಷಯಗಳೇ. ನಮ್ಮ ಪ್ರಸಂಗ ಸಾಹಿತ್ಯದಲ್ಲಿ ಆ ಗುಂಡಿನ ಸದ್ದು ಕೇಳಿಸುವುದು ಕಷ್ಟ. ಹೆಂಗಸರು ಅಡುಗೆಗೆ ಮುಂಚೆ ಡಬ್ಬಿಗೆ ತೆಗೆದಿಡುವ ಹಿಡಿ ಕಾಳಿನಿಂದ ಎಷ್ಟು ಸಭೆಗಳು ನಡೆದವು ಎಂಬುದನ್ನೂ ಯಾರೂ ಬರೆದಿಡಲಿಲ್ಲ. ದೊಡ್ಡ ಕಾಣಿಕೆ ಕೊಟ್ಟವರ ಹೆಸರು ಮಾತ್ರ ಗೋಡೆಯ ಕಲ್ಲಿನಲ್ಲಿದೆ.

ಸರಿಯಾಗಿ ಓದದೆ ಬಿಟ್ಟ ಇನ್ನೊಂದು ಪುಟ ಲೂಕನ ಆ ಮನೆವಾರ್ತೆಯವನ ಕತೆ. ಕೆಲಸ ಹೋಗುವುದು ಖಚಿತವಾದಾಗ ಅವನು ಧಣಿಯ ಸಾಲಗಾರರನ್ನು ಒಬ್ಬೊಬ್ಬರನ್ನಾಗಿ ಕರೆದು ಪತ್ರ ತಿದ್ದಿಸುತ್ತಾನೆ: ಎಣ್ಣೆಯ ಸಾಲ ನೂರು ಇದ್ದದ್ದು ಐವತ್ತಾಗುತ್ತದೆ, ಗೋದಿಯದು ನೂರು ಇದ್ದದ್ದು ಎಂಬತ್ತಾಗುತ್ತದೆ. ಧಣಿ ಅವನ ಜಾಣತನವನ್ನು ಹೊಗಳುತ್ತಾನೆ. ಈ ಹೊಗಳಿಕೆಯಿಂದ ಮುಜುಗರಪಟ್ಟ ವ್ಯಾಖ್ಯಾನಕಾರರು ಮನೆವಾರ್ತೆಯವನ ಮೋಸವನ್ನೇ ಅಳೆಯುತ್ತ ಕೂತರು. ಬೀಜ ಕಾಣಿಕೆಯವರು ಈ ಅಧ್ಯಾಯ ದಾಟಿ ತಲಾಂತಿನ ಕತೆಗೆ ಹಾರಿದರು. ಸಾಲ ಇಳಿದ ರೈತನ ಮನೆಯಲ್ಲಿ ಆ ಸಂಜೆ ಏನು ಮಾತಾಯಿತು ಎಂದು ಕೇಳಿದವರು ಕಡಿಮೆ.

ಬೆಳೆ ಹಬ್ಬದ ಉದ್ರಿ ವಸೂಲಾಗುವುದು ಹತ್ತಿಯ ದುಡ್ಡು ಕೈಗೆ ಬಂದ ಮೇಲೆ. ಮಳೆ ಕೈಕೊಟ್ಟ ವರ್ಷ ಖಜಾಂಚಿ ಎರಡು ಸಲ ಮನೆಗೆ ಹೋಗಿ ಚಹಾ ಕುಡಿದು ಬರುತ್ತಾನೆ, ಮೂರನೆಯ ಸಲ ಹೋಗುವುದಿಲ್ಲ. ಮುಂದಿನ ಹಬ್ಬಕ್ಕೆ ವಹಿ ತೆರೆದಾಗ ಆ ಹೆಸರಿನ ಮೇಲೆ ತೆಳ್ಳಗೆ ಒಂದು ಗೆರೆ ಎಳೆದಿರುವುದೂ ಉಂಟು. ಯಾರನ್ನು ಕೇಳಿ ಎಳೆದೆ ಎಂದು ಕಮಿಟಿಯಲ್ಲಿ ಯಾರಾದರೂ ಕೇಳುವ ಹೊತ್ತಿಗೆ ಲಿಂಬೆಹಣ್ಣಿನ ಸವಾಲು ಶುರುವಾಗಿರುತ್ತದೆ.