ವೈದ್ಯರ ಮಾತಿಗೆ ಇಲ್ಲದ ಗಡಿ



ನಮ್ಮ ಲಕ್ಕವಳ್ಳಿ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದರೂ, ಕಾಯಿಲೆ ಗಂಭೀರವಾದಾಗ ಜನ ಹತ್ತಿರದ ಶಿವಮೊಗ್ಗಕ್ಕೆ ಹೋಗುತ್ತಾರೆ. ಜಿಲ್ಲೆಯ ಗಡಿಯಲ್ಲಿ ಯಾರೂ ತಡೆಯುವುದಿಲ್ಲ. ಕಾಸರಗೋಡಿನ ಕನ್ನಡಿಗರಿಗೂ ಮಂಗಳೂರು ಹೀಗೆಯೇ ಇತ್ತು. 1956ರ ನವೆಂಬರ್ 1ರವರೆಗೆ ಅದು ಅವರದೇ ದಕ್ಷಿಣ ಕನ್ನಡ ಜಿಲ್ಲೆಯ ಕೇಂದ್ರ. ರಾಜ್ಯ ಪುನರ್ವಿಂಗಡಣೆಯಿಂದ ಕಾಸರಗೋಡು ಕೇರಳಕ್ಕೆ ಸೇರಿತು. ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿನ ಆಸ್ಪತ್ರೆಗಳ ನಂಟು ಮಾತ್ರ ಉಳಿಯಿತು.

2020ರ ಮಾರ್ಚ್‌ನಲ್ಲಿ ಕೊರೋನಾ ಭಯದಿಂದ ಕರ್ನಾಟಕವು ಗಡಿ ರಸ್ತೆಗಳನ್ನು ಮುಚ್ಚಿತು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತವು. ಚಿಕಿತ್ಸೆ ದೊರೆಯದೆ ಹಲವರು ಮೃತಪಟ್ಟರೆಂಬ ವರದಿಗಳು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತುರ್ತು ಚಿಕಿತ್ಸೆಗಾಗಿ ದಾರಿ ತೆರವುಗೊಳಿಸಲು ಕೇಂದ್ರಕ್ಕೆ ಸೂಚಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರ ವೇಳೆಗೆ ರೋಗಿಗಳನ್ನು ಬಿಡುವ ನಿಯಮಾವಳಿಗೆ ಒಪ್ಪಿಗೆಯಾಯಿತು.

ಇತಿಹಾಸದ ವಿಪರ್ಯಾಸವನ್ನು ನೋಡಿ. ದೇಶವ್ಯಾಪಿ ಲಾಕ್‌ಡೌನ್ ಆರಂಭವಾದ ಮಾರ್ಚ್ 25ರಂದೇ ಕೇಂದ್ರ ಸರ್ಕಾರ ದೂರವೈದ್ಯದ ಮಾರ್ಗಸೂಚಿಯನ್ನು ಪ್ರಕಟಿಸಿತು. ಅದರಂತೆ ನೋಂದಾಯಿತ ವೈದ್ಯರು ದೇಶದ ಯಾವ ಮೂಲೆಯಲ್ಲಿರುವ ರೋಗಿಗಾದರೂ ಸಲಹೆ ನೀಡಬಹುದು. ವೈದ್ಯರ ಮಾತು ಗಡಿ ದಾಟಲು ಅನುಮತಿ ದೊರೆತಾಗ, ರೋಗಿಯ ದೇಹ ಗಡಿಯಲ್ಲಿ ನಿಂತಿತ್ತು.

ಇದು ಹೊಸ ಕಲ್ಪನೆಯೇನಲ್ಲ. 2000ದ ಮಾರ್ಚ್‌ನಲ್ಲಿಯೇ ಆಂಧ್ರದ ಅರಗೊಂಡ ಗ್ರಾಮದ ರೋಗಿಗಳನ್ನು ಚೆನ್ನೈನ ತಜ್ಞರೊಂದಿಗೆ ಉಪಗ್ರಹ ಜೋಡಿಸಿತ್ತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಇಸ್ರೋ ನೆರವಿನಿಂದ ಚಾಮರಾಜನಗರದ ಜಿಲ್ಲಾಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಬೆಂಗಳೂರಿನ ನಾರಾಯಣ ಹೃದಯಾಲಯದ ಸಂಪರ್ಕ ದೊರೆಯಿತು.

ಹಾಗಾದರೆ ತೊಡಕೆಲ್ಲಿ? ಸಂವಿಧಾನದ ಏಳನೇ ಅನುಸೂಚಿಯಂತೆ ಸಾರ್ವಜನಿಕ ಆರೋಗ್ಯವೂ ಆಸ್ಪತ್ರೆಗಳೂ ರಾಜ್ಯಪಟ್ಟಿಯಲ್ಲಿವೆ. ಆದ್ದರಿಂದಲೇ 2020ರ ಏಪ್ರಿಲ್‌ನಲ್ಲಿ ಮನೆಮನೆಗೆ ಬಂದ ಉಚಿತ ಇ-ಸಂಜೀವನಿ ಸೇವೆಯೂ ರಾಜ್ಯವಾರು ಹೊರರೋಗಿ ವಿಭಾಗಗಳಾಗಿಯೇ ಬೆಳೆಯಿತು. ರೋಗಿ ಮೊದಲು ತನ್ನ ರಾಜ್ಯವನ್ನು ಆರಿಸಬೇಕಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಅನ್ಯ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿಯೂ, ಚಿಕಿತ್ಸೆ ಕಲ್ಪಿಸುತ್ತದೆ. ಆದರೆ ಅದು ಮುಖ್ಯವಾಗಿ ಒಳರೋಗಿಯ ವೆಚ್ಚ, ಹೊರರೋಗಿಯ ಸಲಹೆಗಲ್ಲ.

ದೂರವೈದ್ಯಕ್ಕೆ ಮಿತಿಗಳೂ ಉಂಟು. ಮಾದಕ ಗುಣದ ಔಷಧಿಗಳನ್ನು ಹೀಗೆ ಬರೆಯುವಂತಿಲ್ಲ. ಡಯಾಲಿಸಿಸ್ ಬೇಕಾದವರಿಗೂ, ಹೆರಿಗೆ ನೋವು ಬಂದವರಿಗೂ ಪರದೆಯ ಮೇಲಿನ ಮುಖ ಸಾಲದು. ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮರುಸಲಹೆಗಾಗಿ ಒಂದು ದಿನದ ಕೂಲಿಯನ್ನೂ ಬಸ್ಸಿನ ಹಣವನ್ನೂ ಕಳೆದುಕೊಳ್ಳುವವರಿಗೆ ಅದು ದೊಡ್ಡ ಉಪಕಾರ. ಗಡಿನಾಡಿನ ಬಡವನು ತನ್ನ ಭಾಷೆಯನ್ನು ಬಲ್ಲ, ತನ್ನ ಕಾಯಿಲೆಯ ಹಿನ್ನೆಲೆಯನ್ನು ಬಲ್ಲ ಮಂಗಳೂರಿನ ವೈದ್ಯರನ್ನೇ ಸರ್ಕಾರಿ ವೆಚ್ಚದಲ್ಲಿ ಕೇಳುವಂತಾಗಬೇಕು. ನಿಮ್ಮಲ್ಲಿ ವೈದ್ಯರೂ ಅಧಿಕಾರಿಗಳೂ ಆಗಿರುವವರು ಈ ಬಗ್ಗೆ ಯೋಚಿಸಬೇಕೆಂದು ನನ್ನ ವಿನಂತಿ.