ಕಾಗೋಡಿನ ಗೇಣಿದಾರ, ತಾಲೂಕು ಕಚೇರಿಯ ಕಡತ

ನನ್ನಂಥ ಸ್ಟ್ರಿಂಗರ್‌ಗಳಿಗೆ ತಾಲೂಕು ಕಚೇರಿಯಲ್ಲಿ ವಾರಕ್ಕೊಮ್ಮೆಯಾದರೂ ಕಾಣುವ ದೃಶ್ಯವಿದು. ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಸುತ್ತಿಕೊಂಡು ಬಂದ ರೈತ "ನಮ್ಮಪ್ಪನ ಕಾಲದಿಂದ ನಾವೇ ಉಳ್ತಿದೀವಿ ಸ್ವಾಮಿ" ಅನ್ನುತ್ತಾನೆ. ಮೇಜಿನ ಆಚೆಯವರು "ದಾಖಲೆ ಎಲ್ಲಿ?" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಈ ಜಗಳದ ಬೇರು ಹುಡುಕುತ್ತಾ ಹೋದರೆ ನಮ್ಮ ಜಿಲ್ಲೆಯ ಮಟ್ಟಿಗೆ 1951ರ ಕಾಗೋಡು ಸಿಗುತ್ತದೆ.

ಸಾಗರ ತಾಲೂಕಿನ ಆ ಊರಿನಲ್ಲಿ ಗೇಣಿದಾರರು ಬಹುಪಾಲು ದೀವರು, ಭೂಮಾಲೀಕರು ಮೇಲ್ಜಾತಿಯವರು. ಜಗಳ ಶುರುವಾದದ್ದು ಕೊಳಗದಿಂದ. ಗೇಣಿ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ, ಸರ್ಕಾರಿ ಕೊಳಗಕ್ಕಿಂತ ದೊಡ್ಡದಿತ್ತು. ಅದರ ಮೇಲೆ ಬಿಟ್ಟಿ ದುಡಿಮೆ, ಮೊಣಕಾಲ ಕೆಳಗೆ ಪಂಚೆ ಉಡಬಾರದೆಂಬ ಕಟ್ಟಳೆ ಬೇರೆ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. ಒಡೆಯರು ಜಮೀನು ಬಿಡಿಸಿದರು. ಉಳುವವರು ನೇಗಿಲು ಹಿಡಿದು ಗದ್ದೆಗಿಳಿದು ಬಂಧನಕ್ಕೆ ಒಳಗಾದರು. ಸಮಾಜವಾದಿ ಪಕ್ಷ ಬೆಂಬಲಕ್ಕೆ ಬಂತು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ ಕಾಗೋಡಿನ ಹೆಸರು ದೆಹಲಿಗೂ ಮುಟ್ಟಿತು.

ನಮ್ಮ ಕಡೆಯ ಭಾಷಣಗಳಲ್ಲಿ ಕಥೆ ಇಲ್ಲಿಗೆ ಮುಗಿದು ಚಪ್ಪಾಳೆ ಬೀಳುತ್ತದೆ. ಆದರೆ ಬಿಡಿಸಿಕೊಂಡ ಜಮೀನು ಚಳವಳಿಯ ಬೆನ್ನಿಗೇ ಗೇಣಿದಾರರ ಕೈಗೆ ಬರಲಿಲ್ಲ.

ಕಾರಣ ಪೊಲೀಸರ ಲಾಠಿಯೊಂದೇ ಅಲ್ಲ. ಗೇಣಿ ಬಹುಪಾಲು ಬಾಯಿಮಾತಿನದು. ಊರಿನ ಲೆಕ್ಕ ಬರೆಯುವ ಶಾನುಭೋಗಿಕೆ, ಪಟೇಲಿಕೆ ವಂಶಪಾರಂಪರ್ಯ. ಬರೆಯುವವನು ಒಡೆಯರ ಜಗಲಿಯಲ್ಲಿ ಕೂತು ಬರೆಯುತ್ತಿದ್ದ, ಅನೇಕ ಕಡೆ ಅವನೇ ಒಡೆಯ. ಗೇಣಿದಾರನ ಹೆಸರು ಕೈಬಿಡಲು ಯಾರೂ ಪಿತೂರಿ ಮಾಡಬೇಕಿರಲಿಲ್ಲ, ಬರೆಯದೇ ಸುಮ್ಮನಿದ್ದರೆ ಸಾಕಿತ್ತು. ಮುಂದೆ ಅದೇ ಖಾಲಿ ಜಾಗ ಅಮಲ್ದಾರರ ಎದುರು ಸಾಕ್ಷಿಯಾಗಿ ನಿಲ್ಲುತ್ತಿತ್ತು. ಅಧಿಕಾರಿಗೆ ಯಾವ ಪಕ್ಷದ ಒಲವೂ ಇರಬೇಕಾಗಿಲ್ಲ. ಕಡತ ನೋಡಿ ಪ್ರಾಮಾಣಿಕವಾಗಿ ತೀರ್ಮಾನಿಸಿದರೂ ಒಡೆಯನೇ ಗೆಲ್ಲುತ್ತಿದ್ದ. ಇಂಥ ಪಕ್ಷಪಾತವನ್ನು ವರದಿ ಮಾಡುವುದು ಬಹಳ ಕಷ್ಟ, ಯಾಕೆಂದರೆ ಹೆಸರಿಸಲು ತಪ್ಪಿತಸ್ಥನೇ ಸಿಗುವುದಿಲ್ಲ.

ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಬಂತು, ಜಾರಿಯಾದದ್ದು 1963ರ ಫೆಬ್ರವರಿಯಿಂದ. 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬರಲು 1965ರ ಅಕ್ಟೋಬರ್ ಆಯಿತು. ಈ ನಡುವಿನ ವರ್ಷಗಳಲ್ಲಿ ಹೋರಾಟಗಾರರ ಪಾಡೇನಾಯಿತು? ಅವರ ಪಕ್ಷವೇ ಒಡೆಯಿತು. 1952ರಲ್ಲಿ ಸಮಾಜವಾದಿಗಳು ಪ್ರಜಾ ಸೋಷಲಿಸ್ಟರಾದರು, 1955ರಲ್ಲಿ ಲೋಹಿಯಾ ಹೊರಬಂದರು, 1964ರಲ್ಲಿ ಮತ್ತೆ ಸೇರಿ ಸಂಯುಕ್ತ ಸೋಷಲಿಸ್ಟ್ ಪಕ್ಷವಾಯಿತು, ಅದೂ ಬಿರುಕು ಬಿಟ್ಟಿತು. ಊರೂರು ಅಲೆಯುವ ಕಾರ್ಯಕರ್ತ ಪ್ರತಿ ಸಲವೂ ತಾನು ಯಾರ ಕಡೆ ಎಂದು ಹೊಸದಾಗಿ ವಿವರಿಸಬೇಕಿತ್ತು. ಗೇಣಿದಾರ ಮಾತ್ರ ಅದೇ ಕಚೇರಿಯ ಅದೇ ಬೆಂಚಿನ ಮೇಲೆ ಕೂತಿದ್ದ.

ಗೋಪಾಲಗೌಡರು 1952ರಲ್ಲಿ ಗೆದ್ದರು, 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಆಮೇಲೆ ದೇಹ ಸೋತಿತು. ಹಾಸಿಗೆ ಹಿಡಿದು, 1972ರಲ್ಲಿ ತೀರಿಕೊಂಡಾಗ ಅವರಿಗೆ ಐವತ್ತೂ ತುಂಬಿರಲಿಲ್ಲ. ಯು.ಆರ್. ಅನಂತಮೂರ್ತಿಯವರ 'ಅವಸ್ಥೆ'ಯ ಕೃಷ್ಣಪ್ಪಗೌಡನ ಹಿಂದಿರುವುದು ಇವರ ಬದುಕೇ. ನಾಯಕನ ಆಯಾಸಕ್ಕೆ ಕಾದಂಬರಿಯಾದರೂ ಸಿಕ್ಕಿತು. ಗೋಡೆಬರಹ ಬರೆದು, ಜಾಮೀನಿಗೆ ಓಡಾಡಿ, ಮನೆಯ ಹಸು ಮಾರಿಕೊಂಡ ಸಾಮಾನ್ಯ ಕಾರ್ಯಕರ್ತನ ದಣಿವನ್ನು ಯಾರು ಬರೆದಾರು?

ಗೌಡರು ತೀರಿಕೊಂಡ ಎರಡೇ ವರ್ಷಕ್ಕೆ, 1974ರ ಮಾರ್ಚ್ 1ರಿಂದ, ದೇವರಾಜ ಅರಸು ಸರ್ಕಾರದ ತಿದ್ದುಪಡಿ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಉಳುವವನು ಫಾರಂ 7 ತುಂಬಬೇಕಾಯಿತು. ತೀರ್ಮಾನಿಸಲು ಭೂನ್ಯಾಯಮಂಡಳಿಗಳು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು, ಅವರಲ್ಲೊಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಕಾಗದ ಇಲ್ಲದವನಿಗೆ ಪಕ್ಕದ ಗದ್ದೆಯವನ ಮಾತು ಆಸರೆಯಾಯಿತು. 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಮಂಡಳಿಯಲ್ಲಿ ಕೂತವರು ಆಳುವ ಪಕ್ಷದವರು, ಇದು ನ್ಯಾಯವಲ್ಲ ಎಂದು ಒಡೆಯರು ಹೈಕೋರ್ಟಿಗೆ ಹೋದರು. ಆ ದೂರಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಹಳೆಯ ಕಡತದ ವಾಲಿಕೆಯನ್ನು ತಿದ್ದಲು ಸರ್ಕಾರ ಇನ್ನೊಂದು ವಾಲಿಕೆಯನ್ನೇ ತಂದಿತ್ತು. ನನ್ನಜ್ಜನಿಗೆ ಎರಡು ಎಕರೆ ಬಂದದ್ದು ಅದರಿಂದಲೇ, ಹಾಗಾಗಿ ನನ್ನ ಮಾತಿಗೂ ಒಂದು ವಾಲು ಇರಬಹುದು, ಓದುವಾಗ ಲೆಕ್ಕಕ್ಕಿಡಿ. ಗೇಣಿಯೇ ಇಲ್ಲದೆ ಕೂಲಿಗೆ ದುಡಿಯುತ್ತಿದ್ದ ದಲಿತರಿಗೆ ಫಾರಂ 7ರಲ್ಲಿ ತುಂಬಲು ಏನೂ ಇರಲಿಲ್ಲ ಎಂಬುದೂ ಅದೇ ಲೆಕ್ಕಕ್ಕೆ ಸೇರಬೇಕು.

ಜಮೀನು ಸಿಕ್ಕ ಮೇಲೆ 'ಗೇಣಿದಾರ' ಎಂಬ ಗುರುತು ಮಾಯವಾಯಿತು. ಬಡ ಒಕ್ಕಲಿಗರ ಮನೆಯ ಗೋಪಾಲಗೌಡರನ್ನೂ ದೀವರ ಗಣಪತಿಯಪ್ಪನವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದ ಪದ ಅದು. ಅದರ ಜಾಗಕ್ಕೆ ಹಿಡುವಳಿದಾರ ಬಂದ. ಅವನ ಮಗನ ಹತ್ತಿರ ವೋಟು ಕೇಳಲು ಬಂದವರು ಜಾತಿ ವಿಚಾರಿಸಿದರು. ಕಾಗೋಡಿನ ತಿಮ್ಮಪ್ಪನವರು 2016ರಲ್ಲಿ ಕಂದಾಯ ಸಚಿವರಾದರು, ಶಾನುಭೋಗರ ಆ ಪುಸ್ತಕಗಳ ವಾರಸುದಾರ ಇಲಾಖೆಗೆ ಕಾಗೋಡಿನವರೇ ಮಂತ್ರಿ! ಅಷ್ಟಾದರೂ ಬಗರ್‌ಹುಕುಂನವರು ಫಾರಂ 50, 53, 57 ಎಂದು ನಂಬರು ಎಣಿಸುತ್ತಾ ಅಲೆಯುವುದು ನಿಂತಿಲ್ಲ.

ಮೊನ್ನೆ ಅಂಥವರ ಜೊತೆ ಬಂದಿದ್ದ ಹಳೆಯ ಹೋರಾಟಗಾರರೊಬ್ಬರನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿದೆ. ಈಗ ಧರಣಿಗೆ ಹೋಗುವುದಿಲ್ಲವಂತೆ. "ಘೋಷಣೆ ಕೂಗೋಕೆ ಹುಡುಗ್ರು ಇದಾರೆ ಕಣಪ್ಪಾ. ಅರ್ಜಿ ಕೊಟ್ಟ ಮೇಲೆ ಹಿಂಬರಹ ಇಸ್ಕೋಬೇಕು ಅನ್ನೋದು ಅವ್ರಿಗೆ ಗೊತ್ತಿಲ್ಲ, ಅದಕ್ಕೇ ಬರ್ತೀನಿ" ಅಂದರು. ಟೀ ಮುಗಿಸಿ, ಕೈಚೀಲದಿಂದ ಹಿಂಬರಹಗಳ ಕಟ್ಟು ತೆಗೆದು, ರಬ್ಬರ್ ಬ್ಯಾಂಡ್ ಬಿಚ್ಚಿ, ತಾರೀಖಿನ ಪ್ರಕಾರ ಜೋಡಿಸತೊಡಗಿದರು.